ಹಲ್ಲಿನ ಬಲಪರೀಕ್ಷೆ

ಮಾನವಶರೀರದಲ್ಲಿ ಎಲ್ಲಕ್ಕಿಂತ ಗಡುಸಾದ ಪದಾರ್ಥವು ಹಲ್ಲಿನ ಹೊರಕವಚವಾದ ಎನಾಮಲ್. ಒಳಗಿನ ಡೆಂಟಿನ್ ಅಷ್ಟು ಗಡುಸಲ್ಲ. ಆದರೆ ಅಗಿಯುವಾಗ ಅದು ತುಸು ಬಾಗಿ, ಮೇಲಿನ ಎನಾಮಲ್ ಸುಲಭವಾಗಿ ಒಡೆಯದಂತೆ ಕಾಯುತ್ತದೆ.

ಗಡುಸುತನವನ್ನು ಅಳೆಯುವ ಬಗೆ ಹೀಗಿದೆ. ಕಿತ್ತ ಹಲ್ಲನ್ನು ಒಣಗದಂತೆ ನೀರಿನಲ್ಲಿಟ್ಟಿದ್ದು, ಅನಂತರ ಸೀಳಿ ನಯಗೊಳಿಸುವರು. ಚೂಪಾದ ವಜ್ರದ ಮೊನೆಯನ್ನು ಗೊತ್ತಾದ ಭಾರದಿಂದ ಅದರ ಮೇಲೆ ಒತ್ತಿ, ಮೂಡಿದ ಚೌಕಗುಳಿಯ ಕರ್ಣಗಳನ್ನು ಸೂಕ್ಷ್ಮದರ್ಶಕದಿಂದ ಅಳೆಯುವರು. ಗುಳಿ ಕಿರಿದಾದಷ್ಟೂ ಗಡುಸು ಹೆಚ್ಚು. ವಿಕರ್ಸ್ ಎಂಬ ಈ ಮಾನದಲ್ಲಿ ಎನಾಮಲ್ ಸುಮಾರು 300ಕ್ಕೂ ಮಿಗಿಲು. ಡೆಂಟಿನ್ ಸುಮಾರು 60 ಮಾತ್ರ.

ಹುಳುಕು ತುಂಬುವ ಸಾಮಗ್ರಿಗಳನ್ನೂ ಹೀಗೆಯೇ ಒತ್ತಿ, ಬಾಗಿಸಿ, ಸವೆಸಿ ನೋಡುವರು. ನಮ್ಮ ಸಮೀಪದ ನವಿ ಮುಂಬಯಿಯ ನೆರೂಳಿನಲ್ಲಿರುವ ದಂತವೈದ್ಯ ಕಾಲೇಜುಗಳಲ್ಲಿ ದಂತಸಾಮಗ್ರಿಗಳ ಅಧ್ಯಯನವೂ ಒಂದು ಪಾಠವಿಷಯ. ಅಮಾಲ್ಗಮ್ ಎಂಬ ಪಾದರಸದ ಮಿಶ್ರಲೋಹವು ಒತ್ತಡವನ್ನು ಚೆನ್ನಾಗಿ ತಾಳಬಲ್ಲದು. ಆದರೆ ಹಲ್ಲಿಗೆ ತಾನಾಗಿ ಅಂಟದು. ಹಲ್ಲಿನ ಬಣ್ಣದ ರಾಳವನ್ನು ಅಂಟಿಸಬಹುದು; ಆದರೆ ಗಟ್ಟಿಯಾಗುವಾಗ ಅದರ ಗಾತ್ರವು ಶೇಕಡ 2-3ರಷ್ಟು ಕುಗ್ಗುವುದು. ಅಂಚಿನಲ್ಲಿ ಸಂದು ಬಿಟ್ಟರೆ ಹುಳುಕು ಮರಳೀತು. ತೀರ ಗಡುಸಾದ ಸಾಮಗ್ರಿಯು ಎದುರಿನ ಹಲ್ಲನ್ನು ಸವೆಸುವುದು; ತೀರ ಮೆದುವಾದುದು ತಾನೇ ಸವೆಯುವುದು. ಆದುದರಿಂದ ಬಲವೊಂದೇ ಸಾಲದು, ಹಲ್ಲಿನೊಡನೆ ಹೊಂದಿಕೆಯೂ ಬೇಕು.

ಇಷ್ಟೆಲ್ಲ ಪರೀಕ್ಷಿಸಿದರೂ ಹಲ್ಲಿಗೆ ಸರಿಸಮನಾದ ಸಾಮಗ್ರಿ ದೊರೆತಿಲ್ಲ. ಕಳೆದುಹೋದ ಎನಾಮಲ್ ಮತ್ತೆ ಬೆಳೆಯದು. ವಿದ್ಯಾರ್ಥಿಗಳೇ, ಇರುವ ಹಲ್ಲನ್ನು ದಿನವೂ ಎರಡು ಸಲ ಶುಚಿಗೊಳಿಸಿ ಉಳಿಸಿಕೊಳ್ಳುವುದೇ ಜಾಣತನ.