ಕೈಗಾದ ನಾಲ್ಕು ನೀರು

ಮಕ್ಕಳೇ, ಅನ್ನ ಕುದಿಯುವಾಗ ಪಾತ್ರೆಯ ಮೇಲಿನ ತಟ್ಟೆ ಟಕಟಕನೆ ಕುಣಿಯುವುದನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಕುಣಿಸುವುದು ಹಬೆ. ಕಲ್ಲಿದ್ದಲು ಉರಿಸುವ ರಾಯಚೂರಿನ ವಿದ್ಯುತ್ ಸ್ಥಾವರದಲ್ಲೂ, ಕೈಗಾದ ಪರಮಾಣು ವಿದ್ಯುತ್ ಸ್ಥಾವರದಲ್ಲೂ ಟರ್ಬೈನನ್ನು ತಿರುಗಿಸುವುದು ಹಬೆಯೇ. ವ್ಯತ್ಯಾಸ ಇರುವುದು ನೀರು ಕಾಯಿಸುವ ಒಲೆಯಲ್ಲಿ.

ಕೈಗಾ ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯಲ್ಲಿದೆ. ಅಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳನ್ನು 2000ದಿಂದ 2011ರ ಅವಧಿಯಲ್ಲಿ ಆರಂಭಿಸಲಾಯಿತು. ಪ್ರತಿ ಘಟಕದಲ್ಲೂ ನೀರು ನಾಲ್ಕು ಬೇರೆ ಬೇರೆ ಕೆಲಸ ಮಾಡುತ್ತದೆ. ಆ ಕೆಲಸಗಳನ್ನು ತಿಳಿಯುವ ಮೊದಲು ಒಲೆಯನ್ನು ನೋಡೋಣ.

ಒಲೆ ಉರಿಯುವುದು ಹೇಗೆ?

ಇಲ್ಲಿನ ಇಂಧನ ಯುರೇನಿಯಂ. ಅದರ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ಯುರೇನಿಯಂ-235ರ ನ್ಯೂಕ್ಲಿಯಸ್ ಒಂದು ನ್ಯೂಟ್ರಾನನ್ನು ನುಂಗಿದರೆ ಅಲುಗಾಡಿ ಎರಡು ಹೋಳಾಗುತ್ತದೆ. ಒಂದು ಉದಾಹರಣೆ: ಬೇರಿಯಂ-141, ಕ್ರಿಪ್ಟಾನ್-92 ಮತ್ತು 3 ನ್ಯೂಟ್ರಾನ್‌ಗಳು. ಕೂಡಿಸಿ ನೋಡಿ. 235ಕ್ಕೆ 1 ಸೇರಿದರೆ 236. 141, 92 ಮತ್ತು 3 ಸೇರಿದರೂ 236. ಕಣಗಳ ಲೆಕ್ಕ ಸರಿಹೋಯಿತು. ಆದರೆ ಒಟ್ಟು ದ್ರವ್ಯರಾಶಿ ಮಾತ್ರ ಅತ್ಯಲ್ಪ ಕಡಿಮೆಯಾಗಿರುತ್ತದೆ. ಕಡಿಮೆಯಾದ ಆ ಭಾಗವೇ ಶಕ್ತಿಯಾಗಿ ಹೊರಬರುತ್ತದೆ.

ಈ ಒಡೆಯುವಿಕೆಯೇ ಬೈಜಿಕ ವಿದಳನ. 1938ರ ಕೊನೆಯಲ್ಲಿ ಜರ್ಮನಿಯ ಒಟ್ಟೊ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ಪ್ರಯೋಗದಲ್ಲಿ ಇದರ ಗುರುತು ಕಂಡರು. ಏನು ನಡೆದಿದೆ ಎಂಬುದನ್ನು ಲೀಸ್ ಮೈಟ್ನರ್ ಮತ್ತು ಅವರ ಅಕ್ಕನ ಮಗ ಒಟ್ಟೊ ಫ್ರಿಶ್ ವಿವರಿಸಿದರು.

ಹೊರಬಂದ ನ್ಯೂಟ್ರಾನ್‌ಗಳು ಬೇರೆ ನ್ಯೂಕ್ಲಿಯಸ್‌ಗಳನ್ನು ಒಡೆಯಬಲ್ಲವು. ಹೀಗೆ ಸರಪಳಿ ಕ್ರಿಯೆ ಮುಂದುವರಿಯುತ್ತದೆ. ಪ್ರತಿ ವಿದಳನದಿಂದ ಸರಾಸರಿ ಒಂದೇ ನ್ಯೂಟ್ರಾನ್ ಮುಂದಿನ ವಿದಳನ ನಡೆಸಿದರೆ ಒಲೆ ಒಂದೇ ಸಮನೆ ಉರಿಯುತ್ತದೆ. ಹೆಚ್ಚಾದ ನ್ಯೂಟ್ರಾನ್‌ಗಳನ್ನು ಹೀರಲು ನಿಯಂತ್ರಕ ಸರಳುಗಳಿವೆ.

ಮೊದಲ ನೀರು: ವೇಗ ತಗ್ಗಿಸುವುದು

ವಿದಳನದಲ್ಲಿ ಹುಟ್ಟುವ ನ್ಯೂಟ್ರಾನಿನ ವೇಗ ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್. ಇಷ್ಟು ವೇಗದ ನ್ಯೂಟ್ರಾನ್ ಯುರೇನಿಯಂ-235ಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ವೇಗ ಸೆಕೆಂಡಿಗೆ ಎರಡು ಕಿಲೋಮೀಟರಿನ ಆಸುಪಾಸಿಗೆ ಇಳಿಯಬೇಕು.

ಗೋಲಿ ಆಡುವಾಗ ಗಮನಿಸಿ. ನಿಮ್ಮ ಗೋಲಿ ದೊಡ್ಡ ಕಲ್ಲಿಗೆ ಬಡಿದರೆ ಪುಟಿದು ಹಿಂದಕ್ಕೆ ಬರುತ್ತದೆ. ಅಷ್ಟೇ ಗಾತ್ರದ ಇನ್ನೊಂದು ಗೋಲಿಗೆ ನೇರವಾಗಿ ಬಡಿದರೆ ಬಹುಮಟ್ಟಿಗೆ ಅಲ್ಲೇ ನಿಂತುಬಿಡುತ್ತದೆ. ನ್ಯೂಟ್ರಾನಿಗೆ ಸಮಗಾತ್ರದ ಗೋಲಿ ಎಂದರೆ ನೀರಿನಲ್ಲಿರುವ ಹೈಡ್ರೋಜನ್. ಆದರೆ ಸಾಮಾನ್ಯ ಹೈಡ್ರೋಜನ್ ಕೆಲವು ನ್ಯೂಟ್ರಾನ್‌ಗಳನ್ನು ನುಂಗಿಯೂ ಬಿಡುತ್ತದೆ. ಕೈಗಾದ ಇಂಧನ ನೈಸರ್ಗಿಕ ಯುರೇನಿಯಂ. ಅದರ 1,000 ಪರಮಾಣುಗಳಲ್ಲಿ ಯುರೇನಿಯಂ-235 ಇರುವುದು ಕೇವಲ 7. ಹಾಗಾಗಿ ನ್ಯೂಟ್ರಾನ್‌ಗಳನ್ನು ವ್ಯರ್ಥಮಾಡುವಂತಿಲ್ಲ. ಅದಕ್ಕೇ ಅಲ್ಲಿ ಭಾರಜಲ ಬಳಸುತ್ತಾರೆ. ಇದರ ಹೈಡ್ರೋಜನ್ ಎರಡರಷ್ಟು ಭಾರ. ನ್ಯೂಟ್ರಾನನ್ನು ನುಂಗುವುದು ಬಹಳ ಕಡಿಮೆ.

ಎರಡನೆಯ ನೀರು: ಶಾಖ ಒಯ್ಯುವುದು

ಇದೂ ಭಾರಜಲವೇ, ಆದರೆ ಬೇರೆ ಕೊಳವೆಗಳಲ್ಲಿ ಹರಿಯುತ್ತದೆ. ಇಂಧನವನ್ನು ಸವರಿಕೊಂಡು ಹೋಗುವಾಗ 290 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗುತ್ತದೆ. ಆದರೂ ಹಬೆಯಾಗಿಬಿಡುವುದಿಲ್ಲ. ಕುಕ್ಕರಿನಲ್ಲಿ ಒತ್ತಡ ಹೆಚ್ಚಿದಾಗ ನೀರು 100 ಡಿಗ್ರಿ ದಾಟಿದರೂ ದ್ರವವಾಗಿರುತ್ತದಲ್ಲವೇ? ಇಲ್ಲಿನ ಒತ್ತಡ ವಾತಾವರಣದ ಒತ್ತಡದ 80 ಪಟ್ಟಿಗೂ ಹೆಚ್ಚು.

ಮೂರನೆಯ ಮತ್ತು ನಾಲ್ಕನೆಯ ನೀರು

ಬಿಸಿ ಭಾರಜಲದ ಸಣ್ಣ ಕೊಳವೆಗಳ ಹೊರಗೆ ಶುದ್ಧ ಸಾಮಾನ್ಯ ನೀರಿದೆ. ಶಾಖ ಕೊಳವೆಯ ಗೋಡೆ ದಾಟುತ್ತದೆ, ಭಾರಜಲ ದಾಟುವುದಿಲ್ಲ. ಹೊರಗಿನ ನೀರು ಹಬೆಯಾಗಿ ಟರ್ಬೈನನ್ನು ತಿರುಗಿಸುತ್ತದೆ. ಇದು ಮೂರನೆಯ ನೀರು. ಕೆಲಸ ಮುಗಿಸಿದ ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವುದು ಕದ್ರಾ ಜಲಾಶಯದ ನೀರು. ಇದು ನಾಲ್ಕನೆಯದು. ನಾಲ್ಕೂ ಒಂದರೊಡನೆ ಒಂದು ಬೆರೆಯದಂತೆ ಕಾಯುವುದು ಬಹಳ ಮುಖ್ಯ. ಏಕೆಂದರೆ ರಿಯಾಕ್ಟರ್ ಒಳಗಿನ ಭಾರಜಲದಲ್ಲಿ ವಿಕಿರಣಶೀಲ ವಸ್ತುಗಳಿರುತ್ತವೆ.

ಒಲೆ ಆರಿದ ಮೇಲೂ ನೀರು ಬೇಕು

ತುರ್ತು ಸಮಯದಲ್ಲಿ ನ್ಯೂಟ್ರಾನ್ ಹೀರುವ ಸರಳುಗಳು ಕೆಳಗಿಳಿದು ಸರಪಳಿ ಕ್ರಿಯೆಯನ್ನು ಕೆಲವೇ ಸೆಕೆಂಡುಗಳಲ್ಲಿ ನಿಲ್ಲಿಸುತ್ತವೆ. ಆದರೆ ಸೌದೆ ಹೊರಗೆಳೆದರೂ ಒಲೆಯಲ್ಲಿ ಕೆಂಡ ಉಳಿಯುವಂತೆ ಇಲ್ಲೂ ಶಾಖ ಉಳಿಯುತ್ತದೆ. ವಿದಳನದಲ್ಲಿ ಹುಟ್ಟಿದ ಹೋಳುಗಳು ವಿಕಿರಣಶೀಲವಾಗಿದ್ದು ಶಾಖ ಬಿಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಅದು ಪೂರ್ಣ ಶಾಖದ ನೂರರಲ್ಲಿ ಆರೇಳು ಪಾಲು; ಒಂದು ದಿನದ ನಂತರ ಒಂದು ಪಾಲಿಗಿಂತ ಕಡಿಮೆ. ಕೆಂಡಕ್ಕೆ ನೀರು ಚಿಮುಕಿಸಿದರೆ ಆರುತ್ತದೆ. ಈ ಶಾಖವನ್ನು ಯಾವ ಸರಳಿನಿಂದಲೂ ಆರಿಸಲಾಗದು. ತಾನಾಗಿ ತಗ್ಗುವವರೆಗೆ ನೀರು ಹರಿಸುತ್ತಲೇ ಇರಬೇಕು.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪವಾದೊಡನೆ, ಕೆಲಸ ಮಾಡುತ್ತಿದ್ದ ಮೂರು ರಿಯಾಕ್ಟರುಗಳೂ ಸರಿಯಾಗಿಯೇ ನಿಂತವು. ಆದರೆ ಸುನಾಮಿಯ ಅಲೆ ತುರ್ತು ಜನರೇಟರುಗಳನ್ನು ಮುಳುಗಿಸಿತು. ತಂಪುಮಾಡುವ ವ್ಯವಸ್ಥೆಗಳು ಒಂದೊಂದಾಗಿ ಕೈಕೊಟ್ಟವು. ಮೂರರಲ್ಲೂ ಇಂಧನ ಕರಗಿತು. ಸುತ್ತಲಿನ ಊರುಗಳ ಜನ ಮನೆ ಬಿಟ್ಟು ಹೋಗಬೇಕಾಯಿತು.

ಕೈಗಾದ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಕೆಲಸ ಮಾಡಿ ಆಗ ವಿಶ್ವದಾಖಲೆ ಮಾಡಿತು. ಅಷ್ಟೂ ದಿನ ಪಂಪುಗಳು ನೀರನ್ನು ಹರಿಸುತ್ತಿದ್ದವು. ಘಟಕ ನಿಂತ ಮೇಲೂ ಇಂಧನವನ್ನು ತಂಪಾಗಿಡುವ ಕೆಲಸ ನಿಲ್ಲುವುದಿಲ್ಲ. ಬಳಸಿ ತೆಗೆದ ಇಂಧನವನ್ನೂ ವರ್ಷಗಟ್ಟಲೆ ನೀರಿನ ಕೊಳದಲ್ಲೇ ಇಡುತ್ತಾರೆ.

ಯೋಚಿಸಿ, ಉತ್ತರಿಸಿ

1. ಸಾಮಾನ್ಯ ನೀರೂ ನ್ಯೂಟ್ರಾನಿನ ವೇಗ ತಗ್ಗಿಸುತ್ತದೆ. ಹಾಗಿದ್ದರೂ ಕೈಗಾದಲ್ಲಿ ಭಾರಜಲ ಏಕೆ?
2. ಸರಪಳಿ ಕ್ರಿಯೆ ನಿಂತ ಮೇಲೂ ಪಂಪುಗಳಿಗೆ ವಿದ್ಯುತ್ ಏಕೆ ಬೇಕು?
3. ನಾಲ್ಕು ನೀರುಗಳ ಹಾದಿಯನ್ನು ನಾಲ್ಕು ಬಣ್ಣಗಳಲ್ಲಿ ಬರೆದು ತರಗತಿಯಲ್ಲಿ ವಿವರಿಸಿ.