ಮನೆಯ ಓದಿನಲ್ಲಿ ಸಾಹಿತ್ಯ ಮಾರ್ಗದರ್ಶಿಗಳ ಉಪಯೋಗ

ಕಾಸರಗೋಡಿನ ಕನ್ನಡ ಮನೆತನಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿರುವಂತೆ, ಆಂಗ್ಲ ಅಥವಾ ಮಲಯಾಳ ಮಾಧ್ಯಮದಲ್ಲಿ ಕಲಿಯುತ್ತಾ ಕನ್ನಡ ಸಾಹಿತ್ಯವನ್ನು ಮನೆಯಲ್ಲಿಯೇ ಓದಬೇಕಾದ ಮಕ್ಕಳೂ ಇದ್ದಾರೆ. ಇವರ ಪಾಲಿಗೆ ತಾಯಿತಂದೆಯರೇ ಕನ್ನಡ ಪಂಡಿತರು. ಪಾಠ ಹೇಳುವ ಅಭ್ಯಾಸವಿಲ್ಲದ ಹೆತ್ತವರು ಸಹಜವಾಗಿಯೇ ಮಾರ್ಗದರ್ಶಿಯ, ಅಂದರೆ ನಾವೆಲ್ಲ ‘ಗೈಡ್’ ಎಂದು ಕರೆಯುವ ಪುಸ್ತಕದ ಮೊರೆಹೋಗುತ್ತಾರೆ. ಅದನ್ನು ಬಳಸುವ ಕ್ರಮ ತಪ್ಪಿದರೆ ಮಗು ಗೈಡನ್ನು ಓದೀತು, ಸಾಹಿತ್ಯವನ್ನು ಓದದು.

ಮೂಲದೊಡನೆ ವಿವರಣೆಯನ್ನು ಇರಿಸಿಕೊಂಡು ಓದುವುದು ನಮಗೆ ಹೊಸತಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದ ಸೂತ್ರಗಳಿಗೆ ತಾನೇ ವೃತ್ತಿಯನ್ನು ರಚಿಸಿದನು. ಆದರೆ ಈ ನೆಲದವರಿಗೆ ಅದಕ್ಕಿಂತ ಹತ್ತಿರದ ನಿದರ್ಶನ ತಾಳಮದ್ದಳೆ. ಕುಂಬಳೆಯ ಪಾರ್ತಿಸುಬ್ಬನ ಪದವನ್ನು ಭಾಗವತರು ಹಾಡುತ್ತಾರೆ. ಅರ್ಥಧಾರಿಯು ಆ ಪದದ ಎಲ್ಲೆಯೊಳಗೆ ನಿಂತು ತನ್ನದೇ ಮಾತಿನಲ್ಲಿ ಅರ್ಥವನ್ನು ಹೇಳುತ್ತಾನೆ. ಅನ್ಯರ ಅರ್ಥವನ್ನು ಬಾಯಿಪಾಠ ಮಾಡಿ ಬಂದವನನ್ನು ಎದುರು ಕುಳಿತವನ ಒಂದೇ ಪ್ರಶ್ನೆ ಕಟ್ಟಿಹಾಕುತ್ತದೆ. ಗೈಡಿನ ಸಿದ್ಧ ಉತ್ತರವನ್ನು ಉರುಹೊಡೆದ ವಿದ್ಯಾರ್ಥಿಯ ಅವಸ್ಥೆಯೂ ಇದೇ.

ಸಾಮಾನ್ಯವಾಗಿ ಗೈಡಿನಲ್ಲಿ ಲೇಖಕರ ಪರಿಚಯ, ಸಾರಾಂಶ, ಶಬ್ದಾರ್ಥ, ಸಂದರ್ಭ ವಿವರಣೆ, ಪ್ರಶ್ನೋತ್ತರ ಇರುತ್ತವೆ. ಇವುಗಳಲ್ಲಿ ಸಾರಾಂಶದ ಪುಟಗಳನ್ನು ಓದು ಮುಗಿಯುವವರೆಗೆ ಕ್ಲಿಪ್ಪು ಹಾಕಿ ಮುಚ್ಚಿಡುವುದು ಮೇಲು. ಕಥೆಯ ಕೊನೆ ಮೊದಲೇ ತಿಳಿದ ಮಗುವಿಗೆ ಪುಟ ತಿರುವುವ ಆತುರ ಎಲ್ಲಿಂದ ಬರಬೇಕು? ‘ಲೇಖಕರ ಶೈಲಿ ಸರಳವೂ ಸುಂದರವೂ ಆಗಿದೆ’ ಎಂಬಂತಹ ವಾಕ್ಯಗಳನ್ನಂತೂ ಬಿಟ್ಟುಬಿಡಬಹುದು. ಅವು ಪಂಪನಿಂದ ಮೊದಲ್ಗೊಂಡು ನಿನ್ನೆಯ ಕಥೆಗಾರನವರೆಗೆ ಯಾರಿಗೂ ಅನ್ವಯಿಸುತ್ತವೆ!

ಒಂದು ಕೃತಿಯನ್ನೇ ತೆಗೆದುಕೊಂಡು ನೋಡೋಣ. ನಿರಂಜನರ ‘ಚಿರಸ್ಮರಣೆ’ (1955) ನಮ್ಮ ಜಿಲ್ಲೆಯ ಕಯ್ಯೂರಿನ ರೈತರ ಹೋರಾಟವನ್ನು ಆಧರಿಸಿದ ಕಾದಂಬರಿ. ಲೇಖಕರು ನೀಲೇಶ್ವರದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದವರು. 1941ರ ಮಾರ್ಚ್ ತಿಂಗಳಿನಲ್ಲಿ ಅಲ್ಲಿ ಮೆರವಣಿಗೆಯೊಂದರ ವೇಳೆ ಪೊಲೀಸನೊಬ್ಬನು ಹೊಳೆಯಲ್ಲಿ ಮಡಿದನು. 1943ರ ಮಾರ್ಚ್ 29ರಂದು ಕಣ್ಣೂರಿನ ಕಾರಾಗೃಹದಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಹತ್ತನೆಯ ತರಗತಿಯ ವಯಸ್ಸಿನವರಿಗೆ ಇದು ಯೋಗ್ಯವಾದ ಓದು. ಇದಕ್ಕೆ ಗೈಡ್ ಕೈಗೆ ಸಿಗದಿದ್ದರೆ ಚಿಂತೆಯಿಲ್ಲ, ಗೈಡಿನ ಕ್ರಮವನ್ನು ಎರವಲು ಪಡೆದು ಮನೆಯವರೇ ಒಂದನ್ನು ಕಟ್ಟಬಹುದು.

ಮೊದಲು ಶಬ್ದಾರ್ಥ. ಗೇಣಿ, ಒಕ್ಕಲು ಮುಂತಾದ ಪದಗಳಿಗೆ ದೂರದ ಊರಿನಲ್ಲಿ ಅಚ್ಚಾದ ಗೈಡು ಒಂದೊಂದು ಸಾಲಿನ ಅರ್ಥ ಕೊಟ್ಟೀತು. ನಮ್ಮ ಮಗುವಿಗಾದರೋ ‘ಪಾಟ್ಟಂ’, ‘ಕುಡಿಯಾನ್’, ‘ಜನ್ಮಿ’ ಎಂಬ ಮಲಯಾಳ ಪದಗಳು ಶಾಲೆಯಿಂದಲೇ ತಿಳಿದಿರಬಹುದು. ಅವನ್ನು ಪಕ್ಕದಲ್ಲಿರಿಸಿ ಗೇಣಿ, ಒಕ್ಕಲು, ಧಣಿ ಎಂದು ಜೋಡಿಸಲಿ. ಬಳಿಕ ಅಜ್ಜನನ್ನು ಕೇಳಲಿ: ವರ್ಷಕ್ಕೆ ಎಷ್ಟು ಮುಡಿ ಅಕ್ಕಿ ಗೇಣಿ ಅಳೆಯುತ್ತಿದ್ದಿರಿ, ಅಥವಾ ಎಷ್ಟು ಪಡೆಯುತ್ತಿದ್ದಿರಿ? ಕೇರಳದಲ್ಲಿ ಗೇಣಿ ಪದ್ಧತಿ ರದ್ದಾದದ್ದು 1970ರ ಜನವರಿ 1ರಂದು. ಆ ಕಾಲವನ್ನು ಕಂಡವರು ಇನ್ನೂ ನಮ್ಮ ಜಗಲಿಗಳಲ್ಲಿದ್ದಾರೆ. ಅಳೆದವರ ಮನೆಯ ಉತ್ತರವೂ ಅಳೆಸಿಕೊಂಡವರ ಮನೆಯ ಉತ್ತರವೂ ಒಂದೇ ಆಗಿರದು. ಕಾದಂಬರಿಯ ಓದಿಗೆ ಇದಕ್ಕಿಂತ ಒಳ್ಳೆಯ ಪ್ರವೇಶ ದುರ್ಲಭ.

ಎರಡನೆಯದು ಸಂದರ್ಭ ವಿವರಣೆ. ಪರೀಕ್ಷೆಯ ದೆಸೆಯಿಂದ ನೀರಸವಾಗಿರುವ ಈ ಪ್ರಶ್ನೆಯೇ ಮನೆಯ ಓದಿಗೆ ಎಲ್ಲಕ್ಕಿಂತ ಉಪಯುಕ್ತವೆಂಬುದು ನನ್ನ ಅಭಿಮತ. ಅಧ್ಯಾಯವನ್ನು ಓದಿದ ಸಂಜೆ ಒಂದು ಮಾತನ್ನು ಆರಿಸಿ ಕೇಳಿರಿ: ಯಾರು ಹೇಳಿದರು, ಯಾರಿಗೆ, ಯಾವಾಗ, ಏಕೆ? ಮೊದಲ ಮೂರಕ್ಕೆ ನೆನಪು ಸಾಕು. ‘ಏಕೆ’ ಎಂಬುದಕ್ಕೆ ಪಾತ್ರದ ಒಳಗೆ ಇಳಿಯಬೇಕು. ಹೆಚ್ಚು ಹೊತ್ತನ್ನು ಅಲ್ಲಿಯೇ ಕಳೆಯಿರಿ. ಮಾತಿನ ಉತ್ತರವನ್ನು ಮಗು ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಹವ್ಯಕ ನುಡಿಯಲ್ಲಿಯೋ ಮಲಯಾಳದಲ್ಲಿಯೋ ಹೇಳಿದರೆ ತಡೆಯಬೇಡಿ. ವಿಚಾರ ಮೂಡಿದ ಮೇಲೆ ಅದನ್ನು ಕನ್ನಡದಲ್ಲಿ ಐದಾರು ಸಾಲು ಬರೆಯಿಸಬೇಕು. ವಿಚಾರಕ್ಕೂ ಭಾಷೆಗೂ ಏಕಕಾಲದಲ್ಲಿ ತಡಕಾಡುವ ಮಗು ಅನಿವಾರ್ಯವಾಗಿ ಸಿದ್ಧ ಉತ್ತರದ ಕಡೆಗೆ ಕೈ ಚಾಚುತ್ತದೆ. ಪರವೂರುಗಳಲ್ಲಿ ನೆಲೆಸಿದ ನಮ್ಮ ಹಳೆವಿದ್ಯಾರ್ಥಿಗಳ ಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ನಿಜ.

ಗೈಡಿನ ಉತ್ತರವನ್ನು ತೆರೆಯಬೇಕಾದದ್ದು ಆಮೇಲೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎಲ್ಲಿ ಭಿನ್ನವಾಗಿವೆಯೆಂದು ನೋಡಬೇಕು. ಭಿನ್ನವಾಗಿರುವುದೆಲ್ಲ ತಪ್ಪಲ್ಲ, ಮೂಲದ ಯಾವ ಪುಟ ತನಗೆ ಆಧಾರವೆಂದು ಮಗು ತೋರಿಸಬಲ್ಲುದಾದರೆ ಅದರ ಉತ್ತರವನ್ನು ಒಪ್ಪಬೇಕು. ತೋರಿಸಲಾಗದಿದ್ದರೆ ಮತ್ತೊಮ್ಮೆ ಓದಿಸಬೇಕು. ಹಿರಿಯರಿಗೂ ಈ ನಿಯಮ ಅನ್ವಯಿಸುತ್ತದೆ.

ಗೈಡುಗಳು ಅಪರೂಪಕ್ಕೆ ಕೇಳುವ ಪ್ರಶ್ನೆಯೊಂದಿದೆ: ನಡೆದದ್ದೆಷ್ಟು, ಲೇಖಕರು ಕಲ್ಪಿಸಿದ್ದೆಷ್ಟು? ಕಯ್ಯೂರಿನ ಮೊಕದ್ದಮೆಯಲ್ಲಿ ಮರಣದಂಡನೆಗೆ ಗುರಿಯಾದವರು ಐವರು. ಅವರಲ್ಲಿ ಒಬ್ಬರು ಪ್ರಾಯ ತುಂಬದ ಕಾರಣ ಗಲ್ಲಿನಿಂದ ಪಾರಾದರು. ಕಾದಂಬರಿಯ ಅಪ್ಪು ಮತ್ತು ಚಿರುಕಂಡನನ್ನು ಈ ಸಂಗತಿಯ ಎದುರಿಗಿಟ್ಟು ಓದಿದಾಗ ಇತಿಹಾಸಕಾರನ ಕೆಲಸವೂ ಕಾದಂಬರಿಕಾರನ ಕೆಲಸವೂ ಎಲ್ಲಿ ಬೇರೆಯಾಗುತ್ತವೆ ಎಂಬುದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಇಂತಹ ಪ್ರಶ್ನೆಗಳನ್ನು ಒಂದು ನೋಟುಪುಸ್ತಕದ ಎಡಪುಟದಲ್ಲಿ ಬರೆದು ಬಲಪುಟವನ್ನು ಉತ್ತರಕ್ಕೆ ಬಿಡಿ. ಓದು ಮುಗಿದ ಬಳಿಕ, ಅನುಕೂಲವಿದ್ದವರು ಆ ಪುಸ್ತಕವನ್ನು ಹಿಡಿದುಕೊಂಡೇ ಮಕ್ಕಳೊಡನೆ ಕಯ್ಯೂರಿಗೆ ಹೋಗಿಬರಬಹುದು. ಹೊಳೆಯೂ ಹುತಾತ್ಮರ ಸ್ಮಾರಕವೂ ಅಲ್ಲಿವೆ, ಮತ್ತು ಬಲಪುಟಗಳಲ್ಲಿ ಕೆಲವು ಆಗಲೂ ಖಾಲಿಯಿರುತ್ತವೆ.