ಗಣಕಯಂತ್ರದ ಯಾವ ಅಂಗವನ್ನು ಬದಲಿಸಬೇಕು?

ಕಬ್ಬಿನ ಬಿಲ್ಲಿನ ಹಣ ಕೈಸೇರುವ ಕಾಲದಲ್ಲಿ ಹಳಿಯಾಳ ತಾಲ್ಲೂಕಿನ ಹಳ್ಳಿಯೊಂದರಿಂದ ನನ್ನ ವಿದ್ಯಾರ್ಥಿಯೊಬ್ಬನು ತಂದೆಯೊಡನೆ ನಮ್ಮ ಮನೆಗೆ ಬಂದನು. ಹುಡುಗನ ಕೈಯಲ್ಲಿ ಪಟ್ಟಣದ ಅಂಗಡಿಯಲ್ಲಿ ಬರೆಸಿಕೊಂಡು ಬಂದ ಒಂದು ಪಟ್ಟಿಯಿದ್ದಿತು. ಹೊಸ ಪ್ರೊಸೆಸರ್, ಹೊಸ ಮದರ್‌ಬೋರ್ಡ್, ಹೊಸ ರ್ಯಾಮ್, ೪ಕೆ ಮಾನಿಟರ್ ಎಂದು ಸಾಲಾಗಿ ಬರೆದು, ಕಟ್ಟಕಡೆಗೆ ‘ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ವರ್ಷ ನೋಡಬಹುದು’ ಎಂದು ಸೇರಿಸಲಾಗಿತ್ತು. ಆರು ವರ್ಷ ಹಳೆಯ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟಗಳನ್ನು ಇನ್ನು ಮುಂದೆ ದೊಡ್ಡ ಪರದೆಯ ಮೇಲೆ ನಿಚ್ಚಳವಾಗಿ ನೋಡಬೇಕೆಂಬುದು ಹುಡುಗನ ಆಸೆ. ತಂದೆಯವರು ಪಟ್ಟಿಯನ್ನು ನನ್ನ ಮುಂದಿಟ್ಟು, “ಸರ, ಎಲ್ಲಾ ತಗೊಳ್ಳೂದು ನಮ್ಮಿಂದ ಆಗೂದಿಲ್ರಿ. ಖರೇ ಯಾವುದು ಬೇಕೋ ಅದರ ಮುಂದ ಒಂದು ಗುರುತು ಹಾಕಿ ಕೊಡ್ರಿ” ಎಂದರು.

ಆಟವಾಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ಒಂದು ವರ್ಷದ ಬೆವರಿನ ಹಣವನ್ನು ಯಾವುದಕ್ಕೆ ಹಾಕಬೇಕೆಂಬುದು ಆಟದ ಮಾತಲ್ಲ. ಅಲ್ಲದೆ ಈ ಪ್ರಶ್ನೆಗೆ ಉತ್ತರ ಹೇಳಲು ಅಂಗಡಿಯವರ ಅನುಭವಕ್ಕಿಂತಲೂ ಪ್ರಯೋಗಶಾಲೆಯ ರೀತಿಯೇ ಹೆಚ್ಚು ಸಹಾಯಕವಾದೀತೆಂದು ನನಗೆ ತೋರಿತು.

ಮೊದಲು ಪರದೆಯನ್ನು ನೋಡೋಣ. ಪರದೆಯ ಮೇಲಿನ ಚಿತ್ರವು ಸಣ್ಣ ಸಣ್ಣ ಬಿಂದುಗಳಿಂದಾದದ್ದು; ಇವನ್ನು ಪಿಕ್ಸೆಲ್ ಎನ್ನುವರು. ಸಾಮಾನ್ಯವಾದ ‘ಫುಲ್ ಎಚ್‌ಡಿ’ ಪರದೆಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳು, ಅಂದರೆ ಒಟ್ಟು ೨೦,೭೩,೬೦೦. ಅದಕ್ಕಿಂತ ಮೇಲಿನ ದರ್ಜೆಯ ೨೫೬೦ × ೧೪೪೦ ಪರದೆಯಲ್ಲಿ ೩೬,೮೬,೪೦೦. ೪ಕೆ ಎಂಬ ೩೮೪೦ × ೨೧೬೦ ಪರದೆಯಲ್ಲಿಯಾದರೋ ೮೨,೯೪,೪೦೦. ಅಡ್ಡ ಉದ್ದಗಳೆರಡೂ ಇಮ್ಮಡಿಯಾದುದರಿಂದ ಬಿಂದುಗಳು ನಾಲ್ಮಡಿಯಾದವು. ಚಲನೆಯು ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ ೬೦ ಚಿತ್ರಗಳಾದರೂ ಸಿದ್ಧವಾಗಬೇಕು. ಹಾಗಾದರೆ ಒಂದೊಂದು ಚಿತ್ರಕ್ಕೆ ದೊರೆಯುವ ಅವಕಾಶ ೧೬.೭ ಮಿಲಿಸೆಕೆಂಡು ಮಾತ್ರ. ೪ಕೆ ಪರದೆಗೆ ಈ ವೇಗದಲ್ಲಿ ಸೆಕೆಂಡಿಗೆ ಸುಮಾರು ೫೦ ಕೋಟಿ ಬಿಂದುಗಳ ಬಣ್ಣವನ್ನು ಲೆಕ್ಕ ಹಾಕಿ ಒಪ್ಪಿಸಬೇಕಾಗುತ್ತದೆ!

ಇಷ್ಟೆಲ್ಲ ಬಿಂದುಗಳು ನಮ್ಮ ಕಣ್ಣಿಗೆ ಕಂಡಾವೆಯೇ? ಇದನ್ನು ಕೇಳದೆ ಮಾನಿಟರ್ ಕೊಳ್ಳುವವರೇ ಬಹಳ ಮಂದಿ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಕೋನದ ಅಂತರದಲ್ಲಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲುದು. ದಾಂಡೇಲಿಯಲ್ಲಿ ಕಾಳೀ ನದಿಯ ದಡದ ಮರದ ಮೇಲೆ ಮಂಗಟ್ಟೆ ಹಕ್ಕಿ ಕುಳಿತಿದೆಯೆನ್ನಿ. ೩೪ ಮೀಟರ್ ದೂರದಿಂದ ನೋಡಿದರೆ ಅದರ ಮೈಮೇಲೆ ಒಂದು ಸೆಂಟಿಮೀಟರಿಗಿಂತ ಸೂಕ್ಷ್ಮವಾದ ವಿವರಗಳು ಬರಿಗಣ್ಣಿಗೆ ಬೆರೆತುಹೋಗುತ್ತವೆ. ಇದೇ ಲೆಕ್ಕವನ್ನು ಮೇಜಿನ ಮೇಲಣ ಪರದೆಗೆ ಅನ್ವಯಿಸೋಣ. ೨೭ ಇಂಚಿನ ಮಾನಿಟರಿನಲ್ಲಿ ಬಿಂದುವಿನಿಂದ ಬಿಂದುವಿಗೆ ಇರುವ ಅಂತರವು ಫುಲ್ ಎಚ್‌ಡಿಯಾದರೆ ೦.೩೧ ಮಿಲಿಮೀಟರ್, ೧೪೪೦ರದಾದರೆ ೦.೨೩, ೪ಕೆಯಾದರೆ ೦.೧೬. ಮನೆಯಲ್ಲಿ ಕುಳಿತುಕೊಳ್ಳುವ ಕುರ್ಚಿಯಿಂದ ಪರದೆಯವರೆಗೆ ಅಳೆದುಕೊಂಡು ಬರಲು ಹುಡುಗನಿಗೆ ಹೇಳಿದೆ. ೭೫ ಸೆಂಟಿಮೀಟರ್ ಇದ್ದಿತು. ಅಷ್ಟು ದೂರದಲ್ಲಿ ಕಣ್ಣು ಬಿಡಿಸಬಲ್ಲ ಅಂತರ ೦.೨೨ ಮಿಲಿಮೀಟರ್. ಎಂದರೆ ಫುಲ್ ಎಚ್‌ಡಿಯ ಬಿಂದುಗಳು ಕಣ್ಣಿಗೆ ಒರಟಾಗಿ ತೋರುವುದು ದಿಟ. ೧೪೪೦ರ ಪರದೆಯು ಕಣ್ಣಿನ ಮಿತಿಗೆ ಹೆಚ್ಚುಕಡಿಮೆ ಸರಿಹೋಗುವುದು. ೪ಕೆಯ ಸೂಕ್ಷ್ಮತೆಯ ಬಹುಭಾಗ ಕಣ್ಣಿಗೆ ಎಟುಕದೆಯೇ ಉಳಿಯುವುದು. ಓರೆಗೆರೆಗಳ ಅಂಚಿನಲ್ಲಿ ಮೂಡುವ ಮೆಟ್ಟಿಲುಗಳನ್ನು ಕಣ್ಣು ಈ ಮಿತಿಗಿಂತಲೂ ನಯವಾಗಿ ಗುರುತಿಸುವುದರಿಂದ ೪ಕೆ ಸಂಪೂರ್ಣ ನಿರರ್ಥಕವೆಂದು ಹೇಳಲಾಗದು. ಆದರೆ ನಾಲ್ಮಡಿ ಕೆಲಸಕ್ಕೆ ನಾಲ್ಮಡಿ ಸೊಗಸು ಬಾರದೆಂಬುದು ನಿಶ್ಚಯ.

ಇನ್ನು ಯಂತ್ರದೊಳಗೆ ಹೋಗೋಣ. ಆಟದ ಒಂದು ಚಿತ್ರವು ಎರಡು ಕೈಗಳನ್ನು ದಾಟಿ ಬರುತ್ತದೆ. ಯಾರು ಎಲ್ಲಿದ್ದಾರೆ, ಚೆಂಡು ಎತ್ತ ಹೋಯಿತು, ಗೋಡೆ ಬಿದ್ದಿತೇ ಎಂಬ ಲೆಕ್ಕಗಳನ್ನೆಲ್ಲ ಪ್ರೊಸೆಸರ್ ಮಾಡಿ, ‘ಇಂಥದನ್ನು ಬರೆ’ ಎಂಬ ಆಜ್ಞೆಗಳ ಕಟ್ಟನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುತ್ತದೆ. ಬಿಂದುಗಳಿಗೆ ಬಣ್ಣ ತುಂಬುವ ಕೆಲಸ ಕಾರ್ಡಿನದು. ಕಾರ್ಡು ಒಂದು ಚಿತ್ರವನ್ನು ಬರೆಯುತ್ತಿರುವಾಗಲೇ ಪ್ರೊಸೆಸರ್ ಮುಂದಿನ ಚಿತ್ರದ ಸಿದ್ಧತೆಯಲ್ಲಿರುತ್ತದೆ.

ನಮ್ಮ ಸೀಮೆಯವರಿಗೆ ಇದನ್ನು ತಿಳಿಸಲು ಕಾಳೀ ನದಿಗಿಂತ ಒಳ್ಳೆಯ ಉದಾಹರಣೆ ಬೇಡ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಬಳಿ ೧೦೧ ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರು ಕೆಳಗೆ ಹರಿದು ಬೊಮ್ಮನಹಳ್ಳಿಯ ಜಲಾಶಯದಲ್ಲಿ ನಿಂತು, ಅಲ್ಲಿಂದ ಸುರಂಗದ ಮೂಲಕ ನಾಗಝರಿ ವಿದ್ಯುದಾಗಾರದ ಆರು ಘಟಕಗಳನ್ನು ತಿರುಗಿಸುತ್ತದೆ. ನಾಗಝರಿಯ ಘಟಕಗಳು ಕುಡಿಯಬಲ್ಲುದಕ್ಕಿಂತ ಹೆಚ್ಚು ನೀರನ್ನು ಸೂಪಾದಿಂದ ಬಿಟ್ಟರೆ ನಡುವಿನ ಬೊಮ್ಮನಹಳ್ಳಿ ತುಂಬುತ್ತದೆಯೇ ಹೊರತು ವಿದ್ಯುತ್ತು ಹೆಚ್ಚದು. ಸೂಪಾದಿಂದಲೇ ನೀರು ಕಡಿಮೆ ಬಂದರೆ ಏಳನೆಯ ಘಟಕವನ್ನು ಕಟ್ಟಿದರೂ ಅದು ಸುಮ್ಮನೆ ನಿಂತಿರುವುದು. ಪ್ರೊಸೆಸರನ್ನು ಸೂಪಾ ಎಂದೂ ಕಾರ್ಡನ್ನು ನಾಗಝರಿಯೆಂದೂ ಭಾವಿಸಿರಿ. ಬೊಮ್ಮನಹಳ್ಳಿಯಂತೆ ಇವೆರಡರ ನಡುವೆಯೂ ಆಜ್ಞೆಗಳ ಒಂದು ಚಿಕ್ಕ ಸರದಿ ಇರುವುದು. ಅದು ತುಂಬಿದೊಡನೆ ಪ್ರೊಸೆಸರ್ ಕೈಕಟ್ಟಿ ಕಾಯುತ್ತದೆ. ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ಆಟದ ವೇಗ.

ಇಲ್ಲಿ ನಮಗೆ ಬಹಳ ಉಪಕಾರವಾಗುವ ಸಂಗತಿಯೊಂದಿದೆ. ಬಿಂದುಗಳ ಸಂಖ್ಯೆ ಹೆಚ್ಚಿದರೆ ಕಾರ್ಡಿನ ಕೆಲಸ ಹೆಚ್ಚುತ್ತದೆ. ಪ್ರೊಸೆಸರಿನ ಕೆಲಸ ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ. ಚೆಂಡು ಎಲ್ಲಿದೆಯೆಂದು ಲೆಕ್ಕ ಹಾಕುವುದಕ್ಕೆ ಪರದೆ ದೊಡ್ಡದಾದರೇನು, ಚಿಕ್ಕದಾದರೇನು? ಆದುದರಿಂದ ಒಂದು ಪೈಸೆಯನ್ನೂ ವೆಚ್ಚ ಮಾಡದೆ, ಆಟದ ಸೆಟ್ಟಿಂಗಿನಲ್ಲಿ ರೆಸೊಲ್ಯೂಶನ್ ಒಂದನ್ನೇ ಕೆಳಗಿಳಿಸಿ ನೋಡಿದರೆ ದೋಷಿ ಯಾರೆಂದು ಗೊತ್ತಾಗುವುದು. ಉಳಿದ ಸೆಟ್ಟಿಂಗುಗಳನ್ನು ಮುಟ್ಟಕೂಡದು. ಪ್ರತಿಸಲವೂ ಆಟದ ಒಂದೇ ಸ್ಥಳದಲ್ಲಿ, ಅದರಲ್ಲಿಯೂ ಹೆಚ್ಚು ಗದ್ದಲವಿರುವ ಸ್ಥಳದಲ್ಲಿ ಅಳೆಯಬೇಕು. ‘ವಿ-ಸಿಂಕ್’ ಮುಂತಾದ ವೇಗದ ಕಡಿವಾಣಗಳನ್ನು ತೆಗೆದಿರಬೇಕು.

ಹುಡುಗನು ಮರುದಿನ ತಂದ ಅಳತೆಗಳಿವು. ೧೯೨೦ × ೧೦೮೦ರಲ್ಲಿ ಸೆಕೆಂಡಿಗೆ ೫೫ ಚಿತ್ರ. ೧೨೮೦ × ೭೨೦ಕ್ಕೆ ಇಳಿಸಿದಾಗ ೯೬. ವೇಗ ಹೆಚ್ಚಿತಾದ್ದರಿಂದ ತಡೆ ಕಾರ್ಡಿನಲ್ಲಿದೆ ಎಂದು ತೀರ್ಪು ಹೇಳಿಬಿಡಬಹುದಾಗಿತ್ತು. ಆದರೆ ಭೌತಶಾಸ್ತ್ರದವನಿಗೆ ಎರಡು ಬಿಂದು ಸಿಕ್ಕಿದರೆ ಸರಳರೇಖೆ ಎಳೆಯುವ ಚಪಲ! ಚಿತ್ರಗಳ ಸಂಖ್ಯೆಯನ್ನು ಕಾಲಕ್ಕೆ ತಿರುಗಿಸಿದರೆ ಮೊದಲನೆಯದು ೧೮.೨ ಮಿಲಿಸೆಕೆಂಡು, ಎರಡನೆಯದು ೧೦.೪. ಎರಡರ ವ್ಯತ್ಯಾಸ ೧೧,೫೨,೦೦೦ ಬಿಂದುಗಳಿಗೆ ತಗಲಿದ ಕಾಲ. ಹೀಗೆ ಹತ್ತು ಲಕ್ಷ ಬಿಂದುಗಳಿಗೆ ಸುಮಾರು ೬.೭ ಮಿಲಿಸೆಕೆಂಡು ಬೇಕೆಂದಾಯಿತು. ಇದಲ್ಲದೆ ಬಿಂದುಗಳು ಎಷ್ಟೇ ಇರಲಿ, ಚಿತ್ರವೊಂದಕ್ಕೆ ತಗಲುವ ೪.೨ ಮಿಲಿಸೆಕೆಂಡು ಬೇರೆ ಉಳಿಯಿತು. ರೇಖೆ ಸರಿಯೇ ಎಂದು ಪರೀಕ್ಷಿಸಲು ೧೬೦೦ × ೯೦೦ರಲ್ಲಿ ಅಳೆಯಿಸಿದೆ. ಲೆಕ್ಕದ ಪ್ರಕಾರ ೭೨ ಬರಬೇಕು, ಬಂದದ್ದು ೭೧.

ಅನಂತರ ೬೪೦ × ೩೬೦ಕ್ಕೆ ಇಳಿಸಿದೆವು. ಚಿತ್ರವು ಮಸಿ ಮೆತ್ತಿದಂತೆ ಕಂಡರೂ ನಮಗೆ ಬೇಕಾದದ್ದು ಅಂಕಿ. ರೇಖೆಯ ಪ್ರಕಾರ ೧೭೦ಕ್ಕೂ ಮೇಲೆ ಏರಬೇಕಾಗಿದ್ದುದು ೧೧೮ಕ್ಕೇ ನಿಂತಿತು. ಏಕೆ? ಈಗ ಕಾರ್ಡು ಹಗುರವಾಗಿ, ಪ್ರೊಸೆಸರ್ ತನ್ನ ಮಿತಿಯನ್ನು ಮುಟ್ಟಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಯೋಗದ ಬೆಲೆಯೆಲ್ಲ ಈ ಒಂದು ಅಂಕಿಯಲ್ಲಿದೆ. ಹಳೆಯದೆಂದು ಪಟ್ಟಿಯಲ್ಲಿ ಹೊರಗಟ್ಟಲಾಗಿದ್ದ ಪ್ರೊಸೆಸರ್ ಈ ಆಟದಲ್ಲಿ ಸೆಕೆಂಡಿಗೆ ೧೧೮ ಚಿತ್ರಗಳನ್ನು ಸಿದ್ಧಪಡಿಸಬಲ್ಲುದು. ನಮಗೆ ಬೇಕಾದದ್ದು ೬೦. ಅದನ್ನು ಬದಲಿಸಿದ್ದರೆ ೪ಕೆ ಪರದೆಯಲ್ಲಿ ಏನಾಗುತ್ತಿತ್ತು? ರೇಖೆಯನ್ನು ಮುಂದುವರಿಸಿ ನೋಡಿರಿ: ಹಳೆಯ ಕಾರ್ಡಿಗೆ ೪ಕೆಯ ಒಂದು ಚಿತ್ರಕ್ಕೆ ೬೦ ಮಿಲಿಸೆಕೆಂಡು ಬೇಕು. ಅಂದರೆ ಸೆಕೆಂಡಿಗೆ ಹದಿನಾರೋ ಹದಿನೇಳೋ ಚಿತ್ರ. ಇಷ್ಟೊಂದು ಹಣ ಸುರಿದ ಮೇಲೆ ಆಟವು ಮೊದಲಿಗಿಂತ ಮೂರು ಪಟ್ಟು ಕುಂಟುತ್ತಿತ್ತು!

ಎಲ್ಲರ ಕಥೆಯೂ ಹೀಗೆಯೇ ಎಂದು ತಿಳಿಯಬಾರದು. ಜೋಯಿಡಾ ಕಡೆಯ ಇನ್ನೊಬ್ಬ ವಿದ್ಯಾರ್ಥಿ ನಗರ ಕಟ್ಟುವ ಆಟವಾಡುತ್ತಾನೆ. ಅದರಲ್ಲಿ ಸಾವಿರಾರು ಜನರ, ವಾಹನಗಳ ಚಲನವಲನವನ್ನು ಪ್ರೊಸೆಸರ್ ಲೆಕ್ಕ ಹಾಕಬೇಕು. ಅವನಿಗೆ ೧೦೮೦ರಲ್ಲಿ ೩೪, ೭೨೦ರಲ್ಲಿ ೩೫. ಅವನು ಎಂತಹ ಕಾರ್ಡು ತಂದರೂ ವ್ಯರ್ಥವೇ.

ಹಳಿಯಾಳದ ಹುಡುಗನಿಗೆ ಈಗ ಲೆಕ್ಕ ಸುಲಭವಾಯಿತು. ೪ಕೆಯಲ್ಲಿ ೬೦ ಚಿತ್ರ ಬೇಕಾದರೆ ಹಳೆಯದರ ೩.೬ ಪಟ್ಟು ವೇಗದ ಕಾರ್ಡು ಬೇಕು, ೧೪೪೦ಕ್ಕಾದರೆ ೧.೭೫ ಪಟ್ಟು ಸಾಕು. ಈ ಎರಡು ಕಾರ್ಡುಗಳ ಬೆಲೆಗೂ ಅಜಗಜಾಂತರ. ಕಣ್ಣಿನ ಲೆಕ್ಕವೂ ೧೪೪೦ರ ಕಡೆಗೇ ಇತ್ತು. ಹಳೆಯ ಕಾರ್ಡನ್ನೂ ಹೊಸ ಕಾರ್ಡನ್ನೂ ಅದೇ ೧೪೪೦ರಲ್ಲಿ ಹೋಲಿಸಿದ ಪರೀಕ್ಷೆಗಳನ್ನು ಹುಡುಕಿ ಓದಲು ಹೇಳಿದೆ. ಬೇರೆ ರೆಸೊಲ್ಯೂಶನ್ನಿನ ಅಂಕಿಗಳು ದಾರಿ ತಪ್ಪಿಸುತ್ತವೆ. ಕಾರ್ಡಿನ ಸ್ವಂತ ಸ್ಮೃತಿಯನ್ನೂ ನೋಡಬೇಕು. ೪ಕೆಯ ಒಂದು ಚಿತ್ರ ಹಿಡಿಸಲು ಸುಮಾರು ೩೩ ಮೆಗಾಬೈಟು ಸಾಕಾದರೂ, ಗೋಡೆ, ಬಂಡೆ, ಬಟ್ಟೆಗಳ ಮೈವಳಿಕೆಯ ಚಿತ್ರಗಳೆಲ್ಲ ಅಲ್ಲಿಯೇ ಇರಬೇಕಾದ್ದರಿಂದ ಇತ್ತೀಚಿನ ಕೆಲವು ಆಟಗಳಿಗೆ ೮ ಗಿಗಾಬೈಟೂ ಸಾಲದಾಗಿದೆ.

೪ಕೆ ಮಾನಿಟರನ್ನು ಈಗಾಗಲೇ ಕೊಂಡಿರುವವರು ನಿರಾಶರಾಗಬೇಕಾಗಿಲ್ಲ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಎಂಬ ಉಪಾಯಗಳು ೧೪೪೦ ಅಥವಾ ೧೦೮೦ರಲ್ಲಿಯೇ ಚಿತ್ರ ಬರೆದು, ಬಳಿಕ ಅದನ್ನು ಜಾಣತನದಿಂದ ೪ಕೆಗೆ ಹಿಗ್ಗಿಸುತ್ತವೆ. ಕೇಬಲನ್ನು ಮಾತ್ರ ಮರೆಯಬಾರದು. ಮುಂಡಗೋಡಿನ ನನ್ನ ಸ್ನೇಹಿತರೊಬ್ಬರು ೪ಕೆ ಪರದೆಯಲ್ಲಿ ಚಿತ್ರವು ೩೦ಕ್ಕಿಂತ ಮೇಲೇರದೆಂದು ತಿಂಗಳುಗಟ್ಟಲೆ ಕಾರ್ಡನ್ನು ಬೈಯುತ್ತಿದ್ದರು. ಅವರ ಜೋಡಣೆ ಹಳೆಯ ಎಚ್‌ಡಿಎಂಐ ೧.೪ರದು. ೪ಕೆಯ ೬೦ ಚಿತ್ರಗಳಿಗೆ ಬಣ್ಣದ ಮಾಹಿತಿಯೇ ಸೆಕೆಂಡಿಗೆ ಸುಮಾರು ೧೨ ಗಿಗಾಬಿಟ್ ಆಗುತ್ತದೆ; ೧.೪ರ ಒಟ್ಟು ಸಾಮರ್ಥ್ಯ ೧೦.೨ ಮಾತ್ರ. ೨.೦ ಆದರೆ ೧೮.

ಪಟ್ಟಿಯಲ್ಲಿ ಇಲ್ಲದೆ ಇದ್ದರೂ ಬೇಕಾಗಿಬಂದದ್ದು ಎಸ್‌ಎಂಪಿಎಸ್. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ೭೫ ವ್ಯಾಟ್ ಕೊಡಬಲ್ಲುದು. ಎಂಟು ಕಡ್ಡಿಯ ಪ್ರತ್ಯೇಕ ತಂತಿಯಿಂದ ಇನ್ನೂ ೧೫೦. ಹುಡುಗನ ಹಳೆಯ ಪೆಟ್ಟಿಗೆಯಲ್ಲಿ ಆ ತಂತಿಯೇ ಇರಲಿಲ್ಲ. ಮಳೆಗಾಲದಲ್ಲಿ ಗಳಿಗೆಗೊಮ್ಮೆ ಕರೆಂಟು ಹೋಗುವ ನಮ್ಮ ಕಾಡುಸೀಮೆಯಲ್ಲಿ ಯುಪಿಎಸ್‌ನ ಲೆಕ್ಕವೂ ಮುಖ್ಯ. ಮನೆಮನೆಯಲ್ಲಿರುವ ೬೦೦ ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡಬಲ್ಲುದು ೩೬೦ ವ್ಯಾಟ್ ಮಾತ್ರ. ವೋಲ್ಟ್-ಆಂಪಿಯರ್ ಬೇರೆ, ವ್ಯಾಟ್ ಬೇರೆ. ಹೊಸ ಕಾರ್ಡಿಗೆ ೧೮೦, ಪ್ರೊಸೆಸರಿಗೆ ೯೦, ಮಾನಿಟರಿಗೆ ೩೫, ಉಳಿದದ್ದಕ್ಕೆ ೪೦ ಎಂದು ಕೂಡಿದರೆ ೩೪೫. ಅಂಚಿನ ಮೇಲಣ ನಡಿಗೆ! ದೊಡ್ಡ ಯುಪಿಎಸ್ ಬರುವ ತನಕ ಆಟದ ವೇಗಕ್ಕೆ ೬೦ರ ಮಿತಿ ಹಾಕಿಕೊಳ್ಳಲು ತಿಳಿಸಿದೆ. ಕಾರ್ಡು ಬೇಡದ ಚಿತ್ರಗಳನ್ನು ಬರೆಯದಿದ್ದರೆ ವಿದ್ಯುತ್ತೂ ಅಷ್ಟು ಉಳಿಯುತ್ತದೆ.

೮ ಗಿಗಾಬೈಟಿನ ಒಂದೇ ಒಂದು ರ್ಯಾಮ್ ಪಟ್ಟಿ ಇದ್ದುದರಿಂದ ಅದೇ ಜಾತಿಯ ಇನ್ನೊಂದನ್ನು ಜೊತೆಗೆ ಸೇರಿಸುವುದು ಯುಕ್ತವೆನಿಸಿತು. ಎರಡು ದಾರಿಗಳು ತೆರೆದು ಮಾಹಿತಿಯ ಹರಿವೂ ಇಮ್ಮಡಿಯಾಗುತ್ತದೆ. ಎಸ್‌ಎಸ್‌ಡಿ ಮೊದಲೇ ಇದ್ದಿತು. ಕೊನೆಗೆ ಕಾರ್ಡು, ಎಸ್‌ಎಂಪಿಎಸ್, ರ್ಯಾಮ್, ೧೪೪೦ರ ಮಾನಿಟರ್ ಇಷ್ಟಕ್ಕೆ ಗುರುತು ಹಾಕಿಕೊಟ್ಟೆ. ಮೊತ್ತವು ಅಂಗಡಿಯ ಪಟ್ಟಿಗಿಂತ ಕಡಿಮೆಯೇ ಆಯಿತು. ತಂದೆಯವರು ಅದನ್ನು ಎರಡು ಸಲ ಕೂಡಿ ನೋಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಹಳೆಯದರ ೧.೯ ಪಟ್ಟಿನ ಕಾರ್ಡು ಬಂದಿತು. ನನ್ನ ರೇಖೆಯ ಪ್ರಕಾರ ೧೪೪೦ರಲ್ಲಿ ೬೫ ಚಿತ್ರ ಬರಬೇಕು. ಮಿತಿಯನ್ನು ತೆಗೆದು ಅಳೆದಾಗ ಬಂದದ್ದು ೬೩. ಆದರೆ ಇಪ್ಪತ್ತು ನಿಮಿಷಗಳ ತರುವಾಯ ಅದು ೫೪ಕ್ಕೆ ಇಳಿಯಿತೆಂದು ಹುಡುಗನು ಗಾಬರಿಯಿಂದ ಫೋನು ಮಾಡಿದನು. ವಿಚಾರಿಸಲಾಗಿ, ಧೂಳು ಬೀಳದಿರಲೆಂದು ಮನೆಯವರು ಕ್ಯಾಬಿನೆಟ್ಟನ್ನು ಮರದ ಕಪಾಟಿನೊಳಗಿಟ್ಟು ಬಾಗಿಲು ಮುಚ್ಚಿದ್ದರು. ಬಿಸಿಗಾಳಿಗೆ ಹೊರಹೋಗಲು ದಾರಿಯಿಲ್ಲದೆ, ಕಾರ್ಡು ಕಾದು, ತನ್ನನ್ನು ರಕ್ಷಿಸಿಕೊಳ್ಳಲು ತಾನಾಗಿಯೇ ವೇಗವನ್ನು ತಗ್ಗಿಸಿಕೊಂಡಿತ್ತು. ಕಪಾಟಿನಿಂದ ಹೊರತೆಗೆದು ಗೋಡೆಯಿಂದ ಒಂದು ಗೇಣು ದೂರಕ್ಕೆ ಇಡಿಸಿದ ಮೇಲೆ ಪುನಃ ೬೩ ಬಂದಿತು.